ಬಾಗಿಲ ನೆಂಟರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಮದುವೆಗೆ ಹಾಡಿ ನೋಡು ಎಂದು ಮಾತ್ರ ಯಾರೂ ಹೇಳಿದ್ದಿಲ್ಲ. ಹೇಳುವಷ್ಟು ಉಸಿರು ಹಾಡಿದವರಲ್ಲಿ ಉಳಿದಿರುವುದಿಲ್ಲ, ಅದಕ್ಕೇ ಇರಬೇಕು.

ಅಕ್ಕ ಹೆಚ್ಚುಕಡಿಮೆ ಮೂವತ್ತು ವರ್ಷ ಹಾಡಿದಳು. ನಮ್ಮ ಬ್ಯಾಂಡಿನ ಹಾಡುಗಾರ್ತಿ ಅವಳೇ, ಯಜಮಾನಿಯೂ ಅವಳೇ, ಸೌಂಡ್ ಬಾಕ್ಸಿನ ವೈರು ಕಿತ್ತುಬಂದರೆ ಹಲ್ಲಿನಿಂದ ಸುಲಿದು ಸೇರಿಸುವವಳೂ ಅವಳೇ. ನಾನು ಅವಳ ಹಿಂದೆ ಕೂತು ಡ್ರಮ್ಸ್ ಬಾರಿಸುತ್ತಿದ್ದವನು. ಹಾಗಾಗಿ ಅವಳ ಬದುಕನ್ನು ನಾನು ನೋಡಿದ್ದೆಲ್ಲ ಬೆನ್ನಿನ ಕಡೆಯಿಂದ. ಜನರಿಗೆ ಕಂಡಿದ್ದು ಅವಳ ನಗು. ನನಗೆ ಕಂಡಿದ್ದು, ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಹಾಕಿಕೊಳ್ಳುತ್ತಿದ್ದ ಅವಳ ಸೊಂಟ ಮತ್ತು ಹಾಡು ಮುಗಿದ ಕೂಡಲೇ ಹಿಂದಕ್ಕೆ ಚಾಚುತ್ತಿದ್ದ ಕೈ. ಆ ಕೈಗೆ ಬಿಸಿನೀರಿನ ಫ್ಲಾಸ್ಕ್ ಕೊಡುವುದು ನನ್ನ ಕೆಲಸ. ತಿರುಗಿ ನೋಡದೆ ಇಸಿದುಕೊಂಡು ಎರಡು ಗುಟುಕು ಕುಡಿದು ಮತ್ತೆ ನಗುತ್ತಿದ್ದಳು. ಆ ನಗು ಎಲ್ಲಿಂದ ಬರುತ್ತಿತ್ತೋ ಆ ದೇವರೇ ಬಲ್ಲ.

ಹಾಡಿನವರನ್ನು ಜನ ಹೇಗೆ ಆರಿಸಿಕೊಳ್ಳುತ್ತಾರೆ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಬಟ್ಟೆಯಾದರೆ ಅಂಗಡಿಗೆ ಹೋಗಿ ಮುಟ್ಟಿ ನೋಡಬಹುದು. ಹಾಡನ್ನು ಮುಟ್ಟಿ ನೋಡಬೇಕೆಂದರೆ ಬೇರೆಯವರ ಮದುವೆಗೇ ಹೋಗಬೇಕು. ಮದುವೆ ಗೊತ್ತಾದ ಮನೆಯವರು ಬ್ಯಾಂಡಿನವರಿಗೆ ಫೋನ್ ಮಾಡುತ್ತಾರೆ. ನಾವು, ಇಂಥ ದಿನ ಇಂಥ ಹಾಲ್‌ನಲ್ಲಿ ಹಾಡುತ್ತಿದ್ದೇವೆ, ಬಂದು ಬಾಗಿಲ ಹತ್ತಿರ ನಿಂತು ಕೇಳಿ ಎನ್ನುತ್ತೇವೆ. ಅವರು ಬರುತ್ತಾರೆ. ಕರೆಯದ ಮದುವೆಯಾದ್ದರಿಂದ ಒಳಗೆ ಬರಲು ಸಂಕೋಚ, ಕೇಳದೆ ಹೋಗಲು ಭಯ. ಹೊಸಿಲ ಮೇಲೇ ನಿಂತು, ಕುತ್ತಿಗೆ ಚಾಚಿ, ಮೂರು ಹಾಡು ಕೇಳಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋಗುತ್ತಾರೆ. ಇವರಿಗೆ ನಮ್ಮಲ್ಲಿ ಇಟ್ಟ ಹೆಸರು ಬಾಗಿಲ ನೆಂಟರು. ‘ನೆಂಟರು ಬಂದ್ರು’ ಎಂದು ಕೀಬೋರ್ಡಿನವನು ಮೆಲ್ಲಗೆ ಹೇಳಿದರೆ ಸಾಕು, ನಮ್ಮೆಲ್ಲರ ಬೆನ್ನು ನೆಟ್ಟಗಾಗುತ್ತಿತ್ತು.

ಇದಕ್ಕಾಗಿ ಅಕ್ಕ ಒಂದು ಉಪಾಯ ಕಂಡುಹಿಡಿದಿದ್ದಳು. ನೆಂಟರು ಬಂದ ಕೂಡಲೇ ಒಂದು ಸೌಂಡ್ ಬಾಕ್ಸನ್ನು ಸದ್ದಿಲ್ಲದೆ ಬಾಗಿಲ ಕಡೆಗೆ ತಿರುಗಿಸುವುದು. ಆಗ ಬಾಗಿಲಲ್ಲಿ ನಿಂತವರಿಗೆ ದನಿ ತುಂಬಿಕೊಂಡು ಕೇಳಿಸುತ್ತದೆ. ವೇದಿಕೆಯ ಮೇಲಿನ ಹುಡುಗ ಹುಡುಗಿಗೆ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಅವರಿಗೆ ಹಾಡಿನ ಧ್ಯಾನ ಎಲ್ಲಿರುತ್ತದೆ? ಉಂಡ ಮನೆಗೆ ದ್ರೋಹ ಎಂದು ನನಗೆ ಆಗಾಗ ಅನಿಸುತ್ತಿತ್ತು. ಒಮ್ಮೆ ಹೇಳಿಯೂ ಹೇಳಿದೆ.

“ಈ ಮನೆಯವರು ನಮ್ಮನ್ನ ಆರಿಸಿ ಆಯ್ತು ಕಣೋ,” ಎಂದಳು ಅಕ್ಕ. “ಆರಿಸಬೇಕಾದೋರು ಅಲ್ಲಿ ನಿಂತಿದಾರೆ.”

ಉಪಾಯ ಒಬ್ಬರಿಂದ ಒಬ್ಬರಿಗೆ ಹಬ್ಬಿತು. ನಮ್ಮಲ್ಲಿ ಗಿಟಾರು ಬಾರಿಸಿ ಆಮೇಲೆ ಸ್ವಂತ ಬ್ಯಾಂಡು ಕಟ್ಟಿದವನೊಬ್ಬ ಅದನ್ನು ತನ್ನ ಜೊತೆಗೇ ಒಯ್ದ. ಎಲ್ಲ ಬ್ಯಾಂಡಿನವರೂ ಬಾಕ್ಸು ತಿರುಗಿಸುವುದನ್ನು ಕಲಿತರು.

ಅಕ್ಕನಿಗೆ ಒಂದೇ ಒಂದು ಕೊರಗು, ಅದನ್ನು ಪ್ರತಿ ಮದುವೆ ಮುಗಿದ ಮೇಲೂ ಹಾಡಿದ್ದೇ ಹಾಡೋ ಕಿಸಬಾಯಿ ದಾಸನಂತೆ ಹೇಳುತ್ತಿದ್ದಳು. ಮದುವಣಗಿತ್ತಿಯ ತಾಯಿಗೆ ಹಾಡು ಕೇಳಿಸುವುದೇ ಇಲ್ಲ ಎಂಬುದು. “ಗಂಟಲು ಹರ್ಕೊಂಡು ಹಾಡಿರ್ತೀನಿ. ಹೋಗಿ, ‘ಅಮ್ಮಾ, ಹೇಗಿತ್ತು’ ಅಂದ್ರೆ, ‘ಚೆನ್ನಾಗಿತ್ತಮ್ಮಾ’ ಅಂತಾಳೆ. ‘ಯಾವುದು ಇಷ್ಟ ಆಯ್ತು’ ಅಂದ್ರೆ ಮಿಕಿಮಿಕಿ ನೋಡ್ತಾಳೆ. ಅವಳ ಕಿವಿಗೆ ಏನು ಹತ್ತಿ ತುರುಕಿರ್ತಾರಾ?” ಎನ್ನುವಳು. ವ್ಯಾನಿನಲ್ಲಿ ಕೂತು ಚಪ್ಪಲಿ ಬಿಚ್ಚಿ ಊದಿದ ಪಾದಗಳನ್ನು ಒತ್ತಿಕೊಳ್ಳುತ್ತಾ ಆ ತಾಯಂದಿರನ್ನೆಲ್ಲ ಬೈಯುತ್ತಿದ್ದಳು.

ಅಕ್ಕನಿಗೆ ಒಬ್ಬಳೇ ಮಗಳು, ಪುಟ್ಟಿ. ಮೊದಲು ನಮ್ಮಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಅಕ್ಕನ ಗಂಡ ಮಗು ಇನ್ನೂ ತೊದಲು ಮಾತಾಡುತ್ತಿದ್ದಾಗಲೇ ತೀರಿಕೊಂಡ. ಆ ವಾರವೂ ಅಕ್ಕ ಹಾಡಿದಳು, ಒಪ್ಪಿಕೊಂಡ ಮದುವೆಯಿತ್ತು. ಅವಳು ಅತ್ತಿದ್ದನ್ನು ನಾನು ಆಗಲೂ ನೋಡಲಿಲ್ಲ. ಅತ್ತರೆ ಗಂಟಲು ಕಟ್ಟುತ್ತದೆ, ಮೂರು ದಿನ ಬಿಡುವುದಿಲ್ಲ ಎಂಬುದು ಅವಳ ಲೆಕ್ಕ. ಅಳುವುದಕ್ಕೆ ಬಿಡುವು ಸಿಕ್ಕಲಿಲ್ಲ, ಬಿಡುವು ಸಿಕ್ಕಾಗ ಅಳು ಬರಲಿಲ್ಲ.

ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಪುಟ್ಟಿ ನಮ್ಮ ಜೊತೆಗೇ ಬರುತ್ತಿದ್ದಳು. ಸೌಂಡ್ ಬಾಕ್ಸಿನ ಹಿಂದೆ ನನ್ನ ಡ್ರಮ್ಮಿನ ಹೊದಿಕೆ ಹಾಸಿ ಮಲಗಿಸುತ್ತಿದ್ದೆವು. ಮುಂದೆ ನಿಂತವರ ಎದೆ ನಡುಗುವಷ್ಟು ಸದ್ದು, ಆದರೆ ಬಾಕ್ಸಿನ ಬೆನ್ನ ಹಿಂದೆ ಅಷ್ಟಿರುವುದಿಲ್ಲ. ಮಗು ಬಾಯಿಬಿಟ್ಟು ನಿದ್ದೆ ಮಾಡುತ್ತಿತ್ತು. ಎಚ್ಚರಾದರೆ ಅಳದೆ, ಬಾಕ್ಸಿನ ಪಕ್ಕದಿಂದ ಇಣುಕಿ ಅಮ್ಮನ ಕಾಲು ನೋಡುತ್ತಿತ್ತು. ಕಾಲು ಅಲ್ಲೇ ಇದ್ದರೆ ಮತ್ತೆ ಮಲಗುತ್ತಿತ್ತು.

ಆ ಪುಟ್ಟಿ ಬೆಳೆದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲೇ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಹುಡುಗನನ್ನು ಮೆಚ್ಚಿಕೊಂಡಳು. ಮಿತಭಾಷಿ ಹುಡುಗ. ಗದ್ದಲದ ಮನೆಯಿಂದ ಹೋಗುವವಳಿಗೆ ಅದೇ ದೊಡ್ಡ ಗುಣವಾಗಿ ಕಂಡಿರಬೇಕು.

ಮದುವೆ ಗೊತ್ತಾದ ಸಂಜೆ ನಾನು ಅವರ ಅಡುಗೆಮನೆಯಲ್ಲಿ ಟೀ ಕುಡಿಯುತ್ತಿದ್ದೆ. ಅಕ್ಕ ಆಗಲೇ ಹಾಡುಗಳನ್ನು ಬೆರಳಲ್ಲಿ ಎಣಿಸುತ್ತಿದ್ದಳು. ಕೊನೆಯಲ್ಲಿ, ಹುಡುಗಿ ಹೊರಡುವಾಗ, ಅವಳದೇ ಆ ನಿಧಾನದ ಹಾಡು. ಅದನ್ನು ಅವಳ ಗಂಡ ಕಟ್ಟಿದ್ದು, ಬ್ಯಾಂಡಿನವರೆಲ್ಲ ಅದನ್ನು ಅಕ್ಕನ ಹಾಡು ಎಂದೇ ಕರೆಯುತ್ತಿದ್ದರು.

ಪುಟ್ಟಿ ಲೋಟ ತೊಳೆಯುವುದನ್ನು ನಿಲ್ಲಿಸಿದಳು. “ಅಮ್ಮಾ, ನನ್ನ ಮದುವೇಲಿ ನೀನು ಹಾಡ್ಬೇಡ.”

ಅಕ್ಕನ ಬೆರಳುಗಳು ಗಾಳಿಯಲ್ಲೇ ನಿಂತವು.

“ಬೇರೆಯವರನ್ನ ಹಾಡಿಸೋಣ. ನೀನು ಮುಂದಿನ ಸಾಲಲ್ಲಿ ಕುರ್ಚಿ ಮೇಲೆ ಕೂತ್ಕೋ. ಶುರುವಿಂದ ಕೊನೇವರೆಗೂ ಏಳ್ಬೇಡ. ಬೇರೆಯವರ ತಾಯಂದಿರು ಏನು ಮಾಡ್ತಾರೋ ಅದನ್ನ ಮಾಡು. ನನಗೆ ಅಷ್ಟೇ ಸಾಕು, ಬೇರೆ ಏನೂ ಕೊಡ್ಬೇಡ.”

“ಅವರು ಏನು ಮಾಡ್ತಾರೆ?” ಎಂದಳು ಅಕ್ಕ. ಗೊತ್ತಿಲ್ಲದೆಯೇ ಕೇಳಿದ್ದು, ಕೊಂಕಲ್ಲ.

“ಅಷ್ಟೊಂದು ಮದುವೆ ನೋಡಿದೀಯ, ನನ್ನ ಕೇಳ್ತೀಯಲ್ಲಾ.”

ಅಕ್ಕ ಒಪ್ಪಿಕೊಂಡಳು. ಒಪ್ಪಿಕೊಳ್ಳುವಾಗ ಅವಳ ಮುಖ ಸಣ್ಣದಾಗಿತ್ತು. ನಾನು ಹೊರಡುವಾಗ ಮೆಟ್ಟಿಲವರೆಗೂ ಬಂದು, “ನನ್ನ ದನಿ ಹೋಯ್ತು ಅಂತ ಹಾಗಂದ್ಲೇನೋ?” ಎಂದು ಕೇಳಿದಳು. ದನಿ ಅಷ್ಟಿಷ್ಟು ಹೋಗಿದ್ದು ನಿಜ, ಪುಟ್ಟಿ ಅದಕ್ಕೆ ಹೇಳಿದ್ದಲ್ಲ ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಹೇಳುವ ಬಗೆ ತಿಳಿಯದೆ ನಾನು ಚಪ್ಪಲಿ ಮೆಟ್ಟಿಕೊಂಡೆ.

ಹೀಗೆ, ಜೀವಮಾನವೆಲ್ಲ ಆರಿಸಿಕೊಳ್ಳುವವರ ಎದುರು ನಿಂತವಳು ಈಗ ಆರಿಸಲು ಹೊರಟಳು. ನಾನೂ ಜೊತೆಗೆ. ಇಬ್ಬರು ವಯಸ್ಸಾದ ಬಾಗಿಲ ನೆಂಟರು, ಯಾರ್ಯಾರದೋ ಮದುವೆಯ ಹೊಸಿಲಲ್ಲಿ. ಮೊದಲನೇ ಕಡೆ ಹಾಡುವವನು ಗಂಟಲ ನರ ಉಬ್ಬಿಸಿ ಕೂಗುತ್ತಿದ್ದ. “ಇವನು ಹಾಡ್ತಿದಾನಾ, ಬಸ್ಸಿಗೆ ಜನ ಹತ್ತಿಸ್ತಿದಾನಾ?” ಎಂದು ಅಕ್ಕ ಅರ್ಧ ಹಾಡಿಗೇ ತಿರುಗಿದಳು. ಇನ್ನೊಂದು ಕಡೆ ಹುಡುಗಿ ಬಾಯಿ ಆಡಿಸುತ್ತಿದ್ದಳು, ಮೊದಲೇ ಮುದ್ರಿಸಿಟ್ಟ ದನಿ ಪೆಟ್ಟಿಗೆಯೊಳಗಿಂದ ಬರುತ್ತಿತ್ತು. ಹಾಲ್‌ನ ಗೋಡೆ ಸರಿಯಿಲ್ಲ, ಗುಂಯ್‌ಗುಡುತ್ತದೆ ಎಂದು ಅವರ ಯಜಮಾನ ಸಬೂಬು ಹೇಳಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಕ್ಕ ಅವನ ಮುಖಕ್ಕೇ ಹೇಳಿ ಬಂದಳು. ಮತ್ತೊಂದು ಕಡೆ ಇಬ್ಬರು ಮುದುಕರು ಪಿಟೀಲು ನುಡಿಸುತ್ತಿದ್ದರು. ಬಹಳ ಚೆನ್ನಾಗಿ ನುಡಿಸಿದರು. ಆದರೆ ನನಗೆ ಅಲ್ಲೇ ಕಂಬಕ್ಕೆ ಒರಗಿ ನಿದ್ದೆ ಬಂತು, ಅಕ್ಕ ಅದನ್ನು ಅವರ ತಪ್ಪೆಂದು ಲೆಕ್ಕ ಹಾಕಿದಳು.

“ಯಾರೂ ಸಿಗಬಾರದು ಅಂತಾನೇ ಹೊರಟಿದೀಯಲ್ಲಕ್ಕ,” ಎಂದೆ.

“ಹೂಂ,” ಎಂದಳು. ಸುಳ್ಳು ಹೇಳುವ ಚೈತನ್ಯವೂ ಅವಳಲ್ಲಿ ಉಳಿದಿರಲಿಲ್ಲ.

ಕೊನೆಗೆ ಹೋಗಿದ್ದು ನಮ್ಮ ಹಳೆಯ ಗಿಟಾರಿನವನ ಬ್ಯಾಂಡು ಕೇಳಲು. ಅವನಲ್ಲಿ ಹೊಸಬಳೊಬ್ಬಳು ಹಾಡುತ್ತಿದ್ದಳು, ಎಳೆಯ ಹೆಂಗಸು, ಉದ್ದ ತೋಳಿನ ಅಂಗಿ, ಮೈಕನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅಕ್ಕ ಮೂರು ಹಾಡು ಪೂರ್ತಿ ಕೇಳಿ ಹೊರಗೆ ಹೋಗಿ, ಗಾಡಿಗಳನ್ನು ನಿಲ್ಲಿಸಿದ್ದ ಕಡೆ ಒಂದು ಕಟ್ಟೆಯ ಮೇಲೆ ಕೂತುಬಿಟ್ಟಳು. ನಾನು ಪಕ್ಕದಲ್ಲಿ ಕೂತೆ.

“ಚೆನ್ನಾಗಿ ಹಾಡ್ತಾಳಾ?” ಎಂದೆ.

“ಉಸಿರು ತಗೊಳ್ಳೋ ಜಾಗ ತಪ್ಪು. ಮೇಲೆ ಹೋದಾಗ ದನಿ ಸಣ್ಣಗಾಗುತ್ತೆ.” ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಳು. “ಆದ್ರೆ ನೋಡಿದ್ಯಾ? ನಾವು ಬಾಗಿಲಲ್ಲಿ ನಿಂತಿದೀವಿ ಅಂತ ಗೊತ್ತಿದ್ರೂ ಅವಳು ಆ ಹುಡುಗಿ ಮುಖ ನೋಡ್ಕೊಂಡೇ ಹಾಡಿದ್ಳು. ಬಾಗಿಲ ಕಡೆ ನೋಡೋದನ್ನ ಇನ್ನೂ ಕಲ್ತಿಲ್ಲ. ನಾನು ಯಾವ ವರ್ಷ ಕಲ್ತೆನೋ ನೆನಪೇ ಇಲ್ಲ ಕಣೋ.”

ನಾನು ಫ್ಲಾಸ್ಕ್ ಕೊಟ್ಟೆ. ಅವಳು ಕುಡಿಯಲಿಲ್ಲ, ತೊಡೆಯ ಮೇಲಿಟ್ಟುಕೊಂಡಳು.

“ಸುಸ್ತಾಗಿದೆ,” ಎಂದಳು. “ಹಾಡಿ ಹಾಡಿ ಅಲ್ಲ. ಯಾರೋ ನನ್ನ ಆರಿಸಲಿ ಆರಿಸಲಿ ಅಂತ ಕಾದು ಕಾದು. ಇವಳೇ ಇರ್ಲಿ. ನನ್ನ ಮಗಳ ಮುಖ ನೋಡ್ಕೊಂಡು ಹಾಡೋರು ಒಬ್ರಾದ್ರೂ ಇರ್ಲಿ.”

ಗಿಟಾರಿನವನಿಗೆ ಅವತ್ತೇ ಮಾತು ಕೊಟ್ಟೆವು. ಅವನು ಅಕ್ಕನ ಕೈ ಹಿಡಿದು, “ನಿಮ್ಮ ಮನೆ ಮದುವೆಗೆ ನಾವಾ ಅಕ್ಕಾ?” ಎಂದು ಕಣ್ಣರಳಿಸಿದ. ಅವನ ಸಂತೋಷ ನಿಜವಾದದ್ದೇ. ಅವನನ್ನು ನಾನು ದೂರುವುದಿಲ್ಲ.

ಮದುವೆಯ ದಿನ ಪುಟ್ಟಿ ಬೆಳಿಗ್ಗೆಯೇ ನನ್ನನ್ನು ಮೂಲೆಗೆ ಕರೆದಳು. “ಮಾಮ, ನೀವು ಅಮ್ಮನ ಪಕ್ಕದ ಕುರ್ಚಿ. ಎದ್ರೆ ಕೈ ಹಿಡಿದು ಕೂರಿಸ್ಬೇಕು.”

“ನಿಮ್ಮಮ್ಮನ್ನ ಹಿಡಿದು ಕೂರಿಸಿದೋರು ಇನ್ನೂ ಹುಟ್ಟಿಲ್ಲ ಕಣಮ್ಮ.”

“ಇವತ್ತೊಂದಿನ, ಮಾಮ.”

ಅಕ್ಕ ಕೂತಳು. ಪಾಪ, ಬಹಳ ಕಷ್ಟಪಟ್ಟಳು. ಹೊಸ ಬಟ್ಟೆ, ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಮಡಿಲಲ್ಲಿ, ಒಮ್ಮೆ ಕುರ್ಚಿಯ ತೋಳಿನ ಮೇಲೆ. ಹಿಡಿದುಕೊಳ್ಳಲು ಮೈಕಿಲ್ಲದ ಕೈ ಎಷ್ಟು ಅನಾಥವಾಗಿರುತ್ತದೆ ಎಂದು ನಾನು ಅವತ್ತೇ ನೋಡಿದ್ದು. ಬಂದವರು ಮಾತಾಡಿಸಿದರೆ ‘ಹೂಂ, ಹೂಂ’ ಎನ್ನುವಳು, ಕಿವಿಯೆಲ್ಲ ಬ್ಯಾಂಡಿನ ಕಡೆ. “ಕೀಬೋರ್ಡು ಜಾಸ್ತಿ ಆಯ್ತು,” ಎಂದು ನನ್ನ ಕಡೆ ಬಾಗುವಳು. “ಡ್ರಮ್ಮಿನವನು ತಾಳ ಮೀರಿ ಓಡ್ತಿದಾನೆ.” ಓಡುತ್ತಿದ್ದ, ಅದು ನನಗೂ ಗೊತ್ತಾಗುತ್ತಿತ್ತು, ನನ್ನ ಕಾಲೂ ತಾನಾಗಿಯೇ ನೆಲ ಒದೆಯುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಹೊಸ ಹಾಡುಗಾರ್ತಿ ಮಾತ್ರ ಪುಟ್ಟಿಯ ಮುಖ ನೋಡಿಕೊಂಡೇ ಹಾಡುತ್ತಿದ್ದಳು. ಅಕ್ಕ ಅದನ್ನು ನನಗೆ ಎರಡು ಸಲ ತೋರಿಸಿದಳು.

ಉಂಗುರ ಬದಲಿಸುವ ಹೊತ್ತಾಯಿತು. ಜನ ಮಾತು ನಿಲ್ಲಿಸಿದರು, ಬ್ಯಾಂಡಿನವರು ನಿಧಾನದ ಹಾಡೊಂದನ್ನು ಎತ್ತಿಕೊಂಡರು. ಅಷ್ಟರಲ್ಲಿ ಅಕ್ಕನ ಮೈ ಬಿಗಿಯಾಯಿತು. ತಿರುಗಿ ನೋಡಿದರೆ, ಬಾಗಿಲಲ್ಲಿ ಮೂರು ಜನ ನಿಂತಿದ್ದಾರೆ. ಒಬ್ಬ ತಂದೆ, ಒಬ್ಬ ತಾಯಿ, ನಡುವೆ ಮದುವೆಯಾಗಲಿರುವ ಹುಡುಗಿ. ಕುತ್ತಿಗೆ ಚಾಚಿಕೊಂಡು, ಸಂಕೋಚದಿಂದ.

ಬಾಗಿಲ ನೆಂಟರು ಬಂದಿದ್ದರು.

ಗಿಟಾರಿನವನು ಹಾಡುಗಾರ್ತಿಗೆ ಕಣ್ಸನ್ನೆ ಮಾಡಿದ. ಅವಳು ಒಂದು ಕ್ಷಣ ತಡೆದು, ಮುಖವನ್ನು ಬಾಗಿಲ ಕಡೆ ತಿರುಗಿಸಿದಳು. ಅವನ ಕಡೆಯವನೊಬ್ಬ ಬಂದು ನಮ್ಮ ಕಡೆಯ ಸೌಂಡ್ ಬಾಕ್ಸನ್ನು ಸದ್ದಿಲ್ಲದೆ ಆಚೆಗೆ ಹೊರಳಿಸಿದ. ವೇದಿಕೆಯ ಹತ್ತಿರ ಹಾಡು ನೀರು ಬೆರೆಸಿದ ಹಾಲಿನಂತೆ ತೆಳ್ಳಗಾಯಿತು.

“ನೋಡಿದ್ಯಾ?” ಎಂದಳು ಅಕ್ಕ. “ನನ್ನ ಮಗಳ ಮದುವೇಲಿ.”

“ಅಕ್ಕಾ, ಕೂತ್ಕೋ.” ನಾನು ಕೈ ಹಿಡಿದೆ.

“ಎರಡೇ ನಿಮಿಷ,” ಎಂದು ಬಿಡಿಸಿಕೊಂಡು ಹೋದಳು.

ಗೋಡೆಯ ಪಕ್ಕದಲ್ಲೇ ಬಾಗಿ ನಡೆದು ಬಾಕ್ಸಿನ ಹಿಂದೆ ಮರೆಯಾದಳು. ಬಾಕ್ಸು ಒಂದು ಗೇಣು ಅಲ್ಲಾಡಿದ್ದು ಕಂಡಿತು. ಅವಳು ಹೊಸ ಬಟ್ಟೆಯಲ್ಲಿ ಅದಕ್ಕೆ ಹೆಗಲು ಕೊಟ್ಟು ತಳ್ಳುತ್ತಿರಬೇಕು. ಆಮೇಲೆ ‘ಟಪ್’ ಎಂದಿತು, ವೈರು ಕಿತ್ತುಬಂದಿತ್ತು. ಹಾಲ್‌ನ ಅರ್ಧ ಭಾಗಕ್ಕೆ ಹಾಡೇ ಇಲ್ಲವಾಯಿತು.

ಆಗ ಪುಟ್ಟಿ ಉಂಗುರದಿಂದ ತಲೆಯೆತ್ತಿ ಮುಂದಿನ ಸಾಲನ್ನು ನೋಡಿದಳು. ಕುರ್ಚಿ ಖಾಲಿ. ಪಕ್ಕದಲ್ಲಿ ನಾನು, ಕಳ್ಳನ ಹಾಗೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಆ ಗಳಿಗೆಯಲ್ಲಿ ನಾನು ಅಕ್ಕನನ್ನು ಮನಸಾರೆ ಬೈದೆ. ‘ತಾಯಿ ಎಲ್ಲಿ, ತಾಯಿ ಎಲ್ಲಿ’ ಎಂದು ಜನ ಗುಸುಗುಸು ಶುರುಮಾಡಿದರು, ಯಾರೋ ಅಡುಗೆಮನೆಗೆ ಓಡಿದರು, ಯಾರೋ ಹೊರಗೆ.

ಪುಟ್ಟಿ ಯಾರನ್ನೂ ಕೇಳಲಿಲ್ಲ. ವೇದಿಕೆ ಇಳಿದು, ಉದ್ದ ಉಡುಪನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ನೇರವಾಗಿ ಸೌಂಡ್ ಬಾಕ್ಸಿನ ಹಿಂದಕ್ಕೆ ಹೋದಳು. ನಾನೂ ಎದ್ದು ಹಿಂದೆಯೇ ಹೋದೆ. ಅಲ್ಲಿ ಅಕ್ಕ ನೆಲದ ಮೇಲೆ ಮಂಡಿಯೂರಿ, ವೈರನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು.

“ಕೂತಿರ್ತೀನಿ ಅಂದಿದ್ದೆ ನೀನು,” ಎಂದಳು ಪುಟ್ಟಿ.

ಅಕ್ಕ ವೈರು ತೆಗೆದಳು. “ಬಾಕ್ಸು ಬಾಗಿಲ ಕಡೆ ತಿರುಗಿಸಿಬಿಟ್ರು ಕಣೆ. ನಿನಗೆ ಹಾಡು ಕೇಳಿಸ್ತಿರಲಿಲ್ಲ.”

“ನನಗೆ ಹಾಡು ಬೇಕು ಅಂತ ಯಾವಾಗ ಕೇಳಿದೆ? ಹುಟ್ಟಿದಾಗಿಂದ ಇದೇ ಡಬ್ಬದ ಹಿಂದೆ ಕೇಳಿದೀನಲ್ಲಮ್ಮ. ತಲೆ ಎತ್ತಿದಾಗ ನೀನು ಕಾಣ್ಬೇಕಿತ್ತು. ಆಗ ಕಾಲಾದ್ರೂ ಕಾಣ್ತಿತ್ತು.”

ಅಕ್ಕ ಮಗಳನ್ನು ನೋಡಿದಳು. ಅವಳ ಬಾಯಿಂದ ಸಮಜಾಯಿಷಿ ಬರುತ್ತದೆ ಎಂದು ಕಾದೆ. ಬರಲಿಲ್ಲ. “ಹೇಗೆ ಕೂರೋದು ಅಂತಾನೇ ಗೊತ್ತಾಗ್ತಿಲ್ಲ ಪುಟ್ಟಿ,” ಎಂದಳು. “ಬೆಳಿಗ್ಗೆಯಿಂದ ಪ್ರಯತ್ನ ಮಾಡ್ತಿದೀನಿ. ಆಗ್ತಿಲ್ಲ.”

ಪುಟ್ಟಿ ಆ ವೈರನ್ನು ಅಮ್ಮನ ಕೈಯಿಂದ ಬಿಡಿಸಿ ನನ್ನ ಕೈಗೆ ಕೊಟ್ಟಳು. “ಇದನ್ನ ನೀವು ಹಿಡ್ಕೊಳ್ಳಿ ಮಾಮ.” ಅಮ್ಮನನ್ನು ಎಬ್ಬಿಸಿದಳು. ಮಂಡಿಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು, ಚಿಕ್ಕ ಮಕ್ಕಳಿಗೆ ಒರೆಸುವ ಹಾಗೆ. ಕೈ ಹಿಡಿದು ಇಡೀ ಹಾಲ್ ನೋಡುತ್ತಿರುವಾಗಲೇ ನಡೆಸಿಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದಳು. ಅಷ್ಟಕ್ಕೆ ಬಿಡಲಿಲ್ಲ. ಗಾಜು ಉಜ್ಜುವ ಹುಡುಗನನ್ನು ವೇದಿಕೆಯಿಂದ ಕೆಳಗೆ ಕರೆದಳು. ಅವನು ಮರುಮಾತಾಡದೆ ಇಳಿದು ಬಂದ. ಕುರ್ಚಿಯ ಎದುರಿಗೇ, ಅಕ್ಕನ ಮೊಣಕಾಲಿಗೆ ತಾಗುವಷ್ಟು ಹತ್ತಿರ ನಿಂತು ಇಬ್ಬರೂ ಉಂಗುರ ಬದಲಿಸಿಕೊಂಡರು.

ನಾನು ಕಿತ್ತುಬಂದ ವೈರು ಹಿಡಿದು ಬಾಕ್ಸಿನ ಪಕ್ಕದಿಂದ ಇಣುಕಿ ನೋಡುತ್ತಿದ್ದೆ. ಅಕ್ಕನ ಮುಖ ಅಷ್ಟು ಸರಿಯಾಗಿ ಕಂಡಿದ್ದು ಅವತ್ತೇ. ಅವಳು ಅಳುತ್ತಿದ್ದಳು. ಮೂಗು ಸೋರುತ್ತಿತ್ತು, ಬಾಯಿ ಸೊಟ್ಟಗಾಗಿತ್ತು, ಗಂಟಲು ಕಟ್ಟುವ ಭಯ ಎಲ್ಲಿ ಹೋಗಿತ್ತೋ. ನನ್ನ ಕಣ್ಣೂ ಮಂಜಾದವು, ಸುಮ್ಮನೆ ಯಾಕೆ ಸುಳ್ಳು ಹೇಳಲಿ.

ವೈರು ಸೇರಿಸಿದೆವು. ಬಾಕ್ಸು ಮತ್ತೆ ವೇದಿಕೆಯ ಕಡೆಗೆ ತಿರುಗಿತು. ಹಾಡುಗಳು ಬಂದವು, ಹೋದವು. ಅಕ್ಕ ಆಮೇಲೆ ಏಳಲಿಲ್ಲ. ಪುಟ್ಟಿ ಹೊರಡುವಾಗ ಆ ಎಳೆಯ ಹೆಂಗಸು ಕೊನೆಯ ಹಾಡು ಎತ್ತಿಕೊಂಡಳು. ಅಕ್ಕನದೇ ಹಾಡು, ಅವಳ ಗಂಡ ಕಟ್ಟಿದ್ದು. ಗಿಟಾರಿನವನು ಗೌರವಕ್ಕೆಂದು ಕಲಿಸಿದ್ದಿರಬೇಕು. ಎರಡು ಕಡೆ ಶ್ರುತಿ ತಪ್ಪಿತು, ಒಂದು ಕಡೆ ಒಂದು ಸಾಲೇ ಹಾರಿಹೋಯಿತು. ನಾನು ಹಲ್ಲು ಕಚ್ಚಿಕೊಂಡೆ. ಅಕ್ಕನ ಕಡೆ ನೋಡಿದೆ. ಅವಳು ತನ್ನ ಮುಂದೆ ಬಾಗಿದ್ದ ಮಗಳ ಕಿವಿಯ ಪಕ್ಕದ ಕೂದಲನ್ನು ಹಿಂದಕ್ಕೆ ಸರಿಸುತ್ತಿದ್ದಳು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಜನ ಕರಗಿದರು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದು ಶುರುವಾಯಿತು. ಅಕ್ಕ ತನ್ನ ಕುರ್ಚಿಯಲ್ಲೇ ಕಾಲು ಚಾಚಿ, ಚಪ್ಪಲಿ ಬಿಚ್ಚಿ ಕೂತಿದ್ದಳು. ಹಾಡುಗಾರ್ತಿ ಬಂದು ಎದುರಿಗೆ ನಿಂತಳು, ಪರೀಕ್ಷೆ ಬರೆದವಳ ಹಾಗೆ ಕೈ ಹೊಸಕಿಕೊಳ್ಳುತ್ತಾ.

“ಅಮ್ಮಾ, ಹೇಗಿತ್ತು?”

“ಚೆನ್ನಾಗಿತ್ತಮ್ಮಾ,” ಎಂದಳು ಅಕ್ಕ.

“ಯಾವುದು ಇಷ್ಟ ಆಯ್ತು?”

ಅಕ್ಕ ಅವಳ ಮುಖವನ್ನೇ ನೋಡುತ್ತಾ ಕೂತಳು. ಆಮೇಲೆ ನನ್ನನ್ನು ನೋಡಿದಳು. ನಾನು ಏನೂ ಹೇಳಿಕೊಡಲಿಲ್ಲ. ಹಾಡುಗಾರ್ತಿ ಕಾದು, ಸಣ್ಣಗೆ ನಕ್ಕು, ಮೈಕಿನ ವೈರು ಸುತ್ತಿಡಲು ಹೋದಳು.

“ಅವರು ನಮ್ಮ ಹಾಡು ಹಾಡಿದ್ರೇನೋ?” ಎಂದು ಅಕ್ಕ ಕೇಳಿದಳು.

“ಹೂಂ, ಅಕ್ಕ. ಕೊನೇಲಿ.”

“ನನಗೆ ಕೇಳಿಸಲೇ ಇಲ್ಲ,” ಎಂದಳು.